ಗೆಕ್ಕೊ (ಸಾಕುವ ಹಲ್ಲಿ) ಮೊಟ್ಟೆಗೆ ಗುಳಿ ಬೀಳುತ್ತಿದೆ, ಮುಚ್ಚಳದ ತುಂಬ ನೀರು. ಏನು ಮಾಡಲಿ?

ಬೈತಖೋಲ_ಹುಡುಗ:
ಹೋದ ಸಲದ ಎರಡೂ ಮೊಟ್ಟೆ ಹಳದಿಯಾಗಿ ಬೂಷ್ಟು ಹಿಡಿದು ಹೋದವು. ಈ ಸಲದ್ದು ಬೆಳ್ಳಗೆ ಚೆನ್ನಾಗಿದ್ದವು. ಈಗ ಒಂದಕ್ಕೆ ಮೇಲಿಂದ ಗುಳಿ ಬಿದ್ದಿದೆ, ಇನ್ನೊಂದಕ್ಕೂ ಶುರುವಾಗಿದೆ. ಟೆಂಪರೇಚರ್ ಸರಿ ಇದೆ, ತೇವ ಸರಿ ಇದೆ, ವಿಡಿಯೊದಲ್ಲಿ ಹೇಳಿದ ಹಾಗೇ ಎಲ್ಲ ಮಾಡಿದ್ದೇನೆ. ಇಲ್ಲಿ ಕಾರವಾರದಲ್ಲಿ ಕೇಳೋಣ ಅಂದರೆ ಗೊತ್ತಿದ್ದವರು ಯಾರೂ ಸಿಗುತ್ತಿಲ್ಲ. ದಯವಿಟ್ಟು ಬೇಗ ಹೇಳಿ, ಇವನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಶಿರಸಿ_ತೋಟ:
ಮಳೆಗಾಲ ಅಲ್ವಾ ಮಾರಾಯ್ರೆ, ತೇವ ಜಾಸ್ತಿಯಾಗಿದೆ. ಮುಚ್ಚಳದಲ್ಲಿ ನೀರು ನಿಂತಿದೆ ಅಂದಮೇಲೆ ಬೇರೆ ಕಾರಣ ಯಾಕೆ ಹುಡುಕಬೇಕು? ಒಂದು ದಿನ ಮುಚ್ಚಳ ತೆಗೆದಿಡಿ, ಆರಲಿ.

ಹಲ್ಲಿಅಕ್ಕ_ಕುಮಟಾ:
ಮುಚ್ಚಳ ತೆಗೆಯಬೇಡಿ! ಲೆಪರ್ಡ್ ಗೆಕ್ಕೊ ತಾನೇ? ಅದರ ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ, ಚರ್ಮದಂಥ ಮೆತ್ತನೆ ಹೊದಿಕೆ. ಸುತ್ತಲಿನ ತೇವ ಎಳೆದುಕೊಂಡೇ ದೊಡ್ಡದಾಗುತ್ತದೆ. ಸುತ್ತ ಒಣಗಿದರೆ ಒಳಗಿನ ನೀರು ಹೊರಗೆ ಹೋಗಿ ಗುಳಿ ಬೀಳುತ್ತದೆ. ಮರಿ ಹೊರಬರುವ ಮುಂಚಿನ ಕೆಲವು ದಿನ ಗುಳಿ ಬಿದ್ದರೆ ಅದು ಸಹಜ, ನಿಮ್ಮದು ಅಷ್ಟು ದಿನ ಆದ ಹಾಗೆ ಕಾಣುವುದಿಲ್ಲ. ಯಾವುದರಲ್ಲಿ ಇಟ್ಟಿದ್ದೀರಿ? ನೀರು ಎಷ್ಟು ಹಾಕಿದ್ದೀರಿ? ಥರ್ಮಾಮೀಟರ್ ಎಲ್ಲಿದೆ? ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದ್ದೀರಾ, ಜೀವ ಇದ್ದರೆ ಒಳಗೆ ನರ ಕಾಣುತ್ತದೆ?

ಶಿರಸಿ_ತೋಟ:
ಅಕ್ಕ, ಮುಚ್ಚಳದಿಂದ ನೀರು ತೊಟ್ಟಿಕ್ಕುವಾಗ ಒಣಗಿದೆ ಅಂತ ಹೇಗೆ ಹೇಳುತ್ತೀರಿ? ನಾನು ಮಳೆಗಾಲದಲ್ಲೇ ಮರಿ ಮಾಡಿಸಿದವನು. ಬೂಷ್ಟು ಬರುವುದೇ ಒದ್ದೆಯಿಂದ. ನಮ್ಮಲ್ಲಿ ಆಷಾಢದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ.

ಹಲ್ಲಿಅಕ್ಕ_ಕುಮಟಾ:
ಬೂಷ್ಟು ಮೊದಲು ಹಿಡಿಯುವುದು ಕಟ್ಟದ, ಅಂದರೆ ಒಳಗೆ ಮರಿ ಬೆಳೆಯದ ಮೊಟ್ಟೆಗೆ. ಜೀವ ಇರುವ ಮೊಟ್ಟೆ ಸುಮಾರು ಮಟ್ಟಿಗೆ ತಾಳಿಕೊಳ್ಳುತ್ತದೆ. ಹೋದ ಸಲದ್ದು ಕಟ್ಟಿರಲೇ ಇಲ್ಲವೇನೋ. ಮೊದಲು ಅವರು ಉತ್ತರ ಕೊಡಲಿ, ಆಮೇಲೆ ವಾದ ಮಾಡೋಣ.

ಅಂಕೋಲಾ_ಫ್ರಿಜ್:
ಇದಕ್ಕೆಲ್ಲ ಪರಿಹಾರ ಒಂದೇ, ಸರಿಯಾದ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ). ನಾನು ಕೆಟ್ಟುಹೋದ ಫ್ರಿಜ್ಜಿನ ಕಂಪ್ರೆಸರ್ ತೆಗೆಸಿ, ಒಳಗೆ ಹೀಟಿಂಗ್ ಕೇಬಲ್ ಎಳೆದು, ಬಿಸಿಯನ್ನು ಹತೋಟಿಯಲ್ಲಿಡಲು ಎಸ್‌ಟಿಸಿ-1000 ಥರ್ಮೋಸ್ಟ್ಯಾಟ್ ಹಾಕಿದ್ದೇನೆ. ಗಾಳಿ ಸುತ್ತಾಡಲು ಕಂಪ್ಯೂಟರಿನ ಹಳೇ ಫ್ಯಾನ್. ಕರೆಂಟು ಹೋದರೂ ಫ್ರಿಜ್ಜಿನ ಗೋಡೆ ಬಿಸಿ ಹಿಡಿದಿಡುತ್ತದೆ, ಮೇಲಿಂದ ಇನ್ವರ್ಟರ್ ಬೇರೆ ಇದೆ. ಇವುಗಳಲ್ಲಿ ಗಂಡೋ ಹೆಣ್ಣೋ ಎನ್ನುವುದು ಮೊಟ್ಟೆಯ ಬಿಸಿಯ ಮೇಲೆ ಹೋಗುತ್ತದೆ; 32 ಡಿಗ್ರಿಗೆ ಇಡುತ್ತೇನೆ, ಹೆಚ್ಚಿನವು ಗಂಡು ಬರುತ್ತವೆ. ಫೋಟೊ ಹಾಕಲಾ?

ಮನೆಹಲ್ಲಿ99:
ಮಧ್ಯ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಸ್ವಿಚ್ ಬೋರ್ಡ್ ಹಿಂದೆ ಎರಡು ಸಣ್ಣ ಬಿಳಿ ಮೊಟ್ಟೆ ಇವೆ. ಅವನ್ನೂ ಹೀಗೇ ಡಬ್ಬಿಯಲ್ಲಿ ಇಡಬಹುದಾ?

ಹಲ್ಲಿಅಕ್ಕ_ಕುಮಟಾ:
ಬೇಡ. ಅದು ಮನೆ ಹಲ್ಲಿಯದು, ಅದಕ್ಕೆ ಗಟ್ಟಿ ಚಿಪ್ಪು ಇರುತ್ತದೆ, ಒದ್ದೆ ಡಬ್ಬಿ ಬೇಕಾಗಿಲ್ಲ. ಇದ್ದಲ್ಲೇ ಬಿಡಿ, ತಾನಾಗಿ ಮರಿ ಆಗುತ್ತದೆ. ಘಟ್ಟದ ಕಾಡಿನ ಹಲ್ಲಿಗಳನ್ನೂ ಯಾರೂ ಹಿಡಿದು ತರಬೇಡಿ. ಅವು ಸಾಕುವ ಪ್ರಾಣಿಗಳಲ್ಲ.

ಬೈತಖೋಲ_ಹುಡುಗ:
ಹೌದಕ್ಕ, ಲೆಪರ್ಡ್. ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಇಟ್ಟಿದ್ದೇನೆ, ಕೈಯಲ್ಲಿ ಹಿಂಡಿ ನೋಡಿ ನೀರು ಹಾಕಿದ್ದು, ತೂಕ ಮಾಡಿಲ್ಲ. ಟಾರ್ಚ್ ಹಿಡಿದರೆ ಎರಡರಲ್ಲೂ ಕೆಂಪು ನರ ಕಾಣುತ್ತದೆ. ಥರ್ಮಾಮೀಟರ್ ಮುಚ್ಚಳದ ಒಳಗೆ ಅಂಟಿಸಿದ್ದು, 30 ತೋರಿಸುತ್ತದೆ. ಡಬ್ಬಿ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಳೆ) ಮೇಲೆ ಕೂತಿದೆ, ಅದು ಎಲ್ಲರೂ ಇಡುವ ಹಾಗೇ ಅಲ್ವಾ?

ಹಲ್ಲಿಅಕ್ಕ_ಕುಮಟಾ:
ವಿಷಯ ಸಿಕ್ಕಿತು. ಶಿರಸಿಯವರೇ, ನೀವು ಹೇಳಿದ ನೀರೂ ನಿಜ, ನಾನು ಹೇಳಿದ ಒಣಗುವುದೂ ನಿಜ. ದೋಸೆ ಹಂಚಿನ ಹಾಗೆ ಬಿಸಿ ಕೆಳಗಿಂದ ಬರುತ್ತಿದೆ, ಅದಕ್ಕೇ ತಳದ ತೇವ ಆವಿಯಾಗಿ ಮೇಲೇರುತ್ತದೆ, ತಣ್ಣಗಿನ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ, ಮೊಟ್ಟೆಯ ಅಡಿ ಮಾತ್ರ ಒಣಗುತ್ತಾ ಹೋಗುತ್ತದೆ. ಮುಚ್ಚಳ ನೋಡಿದವರಿಗೆ ಒದ್ದೆ, ಮೊಟ್ಟೆಗೆ ಬರಗಾಲ. ಮೇಲೆ 30 ಇದ್ದರೆ ತಳದಲ್ಲಿ ಇನ್ನೂ ಬಿಸಿ ಇರಲೇಬೇಕು.

ಈಗಲೇ ಮ್ಯಾಟ್ ತೆಗೆಯಿರಿ. ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ಅದರ ತುದಿಯನ್ನು ಮೊಟ್ಟೆ ಪಕ್ಕದಲ್ಲೇ ಹುಗಿಯಿರಿ. ಗಿಡಗಳ ನರ್ಸರಿಯಲ್ಲಿ ಪರ್ಲೈಟ್ ಅಥವಾ ವರ್ಮಿಕ್ಯುಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಹರಳು) ಸಿಗುತ್ತದೆ, 100 ಗ್ರಾಮಿಗೆ 80ರಿಂದ 100 ಗ್ರಾಂ ನೀರು, ಅಡುಗೆಮನೆ ತಕ್ಕಡಿಯಲ್ಲೇ ತೂಗಿ. ಲೋಟದ ಲೆಕ್ಕ ಬೇಡ, ಪರ್ಲೈಟ್ ತೀರಾ ಹಗುರ. ಮೊಟ್ಟೆಯ ನೆತ್ತಿಗೆ ಪೆನ್ಸಿಲ್ ಗುರುತು ಹಾಕಿ, ಅದೇ ಮುಖ ಮೇಲಿರುವ ಹಾಗೆ ಎತ್ತಿಡಿ. ಇಟ್ಟು ಒಂದು ದಿನ ಕಳೆದ ಮೇಲೆ ತಿರುಗಿಸಿದರೆ ಒಳಗಿನ ಭ್ರೂಣ ಸಾಯಬಹುದು. ಪರ್ಲೈಟ್ ಸಿಗುವ ತನಕ ಡಬ್ಬಿಯ ಅಂಚಿಗೆ ಉಗುರುಬೆಚ್ಚಗಿನ ನೀರು ನಾಲ್ಕು ಹನಿ ಬಿಡಿ, ಮೊಟ್ಟೆ ಮೇಲೆ ಬೇಡ. ಡಬ್ಬಿಯನ್ನು ಸ್ವಲ್ಪ ಓರೆಯಾಗಿಡಿ, ಮುಚ್ಚಳದ ನೀರು ಮೊಟ್ಟೆಗೆ ಬೀಳದೆ ಅಂಚಿಗೆ ಜಾರಲಿ.

ಶಿರಸಿ_ತೋಟ:
ತಳದ ಮಾತು ಒಪ್ಪುತ್ತೇನೆ. ಆದರೆ ಮ್ಯಾಟ್ ಪೂರ್ತಿ ತೆಗೆದರೆ ತಣ್ಣಗಾಗುವುದಿಲ್ಲವೇ? ನಮ್ಮಲ್ಲಿ ರಾತ್ರಿ 21ಕ್ಕೆ ಇಳಿಯುತ್ತದೆ.

ಹಲ್ಲಿಅಕ್ಕ_ಕುಮಟಾ:
ನೀವು ಘಟ್ಟದ ಮೇಲೆ, ಅವರು ಕಡಲ ದಂಡೆಯಲ್ಲಿ. ನಿಮಗೆ ಬಿಸಿ ಬೇಕೇ ಬೇಕು, ಆದರೆ ಮ್ಯಾಟನ್ನು ಥರ್ಮೋಕೋಲ್ ಪೆಟ್ಟಿಗೆಯ ಪಕ್ಕದ ಗೋಡೆಗೆ ಹಚ್ಚಿ ಥರ್ಮೋಸ್ಟ್ಯಾಟ್ ಹಾಕಿ. ಕಾರವಾರದಲ್ಲಿ ಮಳೆಗಾಲದ ಕೋಣೆ 26ರಿಂದ 28ರ ಆಸುಪಾಸಿನಲ್ಲೇ ಇರುತ್ತದೆ, ಈ ಮೊಟ್ಟೆಗೆ ಅಷ್ಟು ಸಾಕು. ಹೆಚ್ಚಿನವು ಹೆಣ್ಣಾಗುತ್ತವೆ, ಎರಡು ತಿಂಗಳ ಮೇಲೂ ಕಾಯಬೇಕಾಗಬಹುದು, ಅಷ್ಟೇ.

ಅಂಕೋಲಾ_ಫ್ರಿಜ್:
ಸುಮ್ನೆ ಎರಡು ತಿಂಗಳು ಯಾಕೆ? 32ರಲ್ಲಿ ಒಂದೂವರೆ ತಿಂಗಳಿಗೇ ಬರುತ್ತವೆ. ಫ್ರಿಜ್ಜಿನ ವೈರಿಂಗ್ ಚಿತ್ರ ಕಳಿಸಲಾ?

ಹಲ್ಲಿಅಕ್ಕ_ಕುಮಟಾ:
ಅಣ್ಣ, ನಿಮ್ಮ ಫ್ರಿಜ್ ಚೆನ್ನಾಗಿದೆ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಓದುತ್ತೇನೆ. 32ರಲ್ಲಿ ಥರ್ಮೋಸ್ಟ್ಯಾಟ್ ಎರಡು ಡಿಗ್ರಿ ತಪ್ಪಿದರೂ ಅಪಾಯ. ಥರ್ಮೋಸ್ಟ್ಯಾಟ್ ಇಲ್ಲದವರಿಗೆ 27ರಲ್ಲಿ ತಪ್ಪಿದರೆ ತಡೆದುಕೊಳ್ಳಲು ಜಾಗ ಇರುತ್ತದೆ.

ಬೈತಖೋಲ_ಹುಡುಗ:
ಪ್ರೋಬ್ ತಳಕ್ಕೆ ಇಟ್ಟು ನೋಡಿದೆ, 36! ಅಡಿಯ ಕೊಕೊಪೀಟ್ ಪುಡಿಪುಡಿ. ಮ್ಯಾಟ್ ತೆಗೆದು ಪರ್ಲೈಟ್‌ಗೆ ಹಾಕಿದೆ. ಒಂದರ ಗುಳಿ ಮೆಲ್ಲಗೆ ತುಂಬುತ್ತಿದೆ. ಇನ್ನೊಂದು ಹಾಗೇ ಇದೆ, ಅದರ ತುದಿಯಲ್ಲಿ ಸ್ವಲ್ಪ ಬೂಷ್ಟು. ಎಸೆಯಲಾ?

ಹಲ್ಲಿಅಕ್ಕ_ಕುಮಟಾ:
ಎಸೆಯಬೇಡಿ. ಒಣ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ಒರೆಸಿ ಬೇರೆ ಡಬ್ಬಿಯಲ್ಲಿಡಿ. ನರ ಮಾಯವಾಗಿ, ಮೊಟ್ಟೆ ಹಳದಿಯಾಗಿ ವಾಸನೆ ಬಂದ ಮೇಲೆ ಮಾತ್ರ ಆಸೆ ಬಿಡಿ. ತಾಯಿಗೆ ಕ್ಯಾಲ್ಸಿಯಂ ಪುಡಿ ಕೊಡುತ್ತಿದ್ದೀರಾ? ಅವಳಿಂದ ಇನ್ನೂ ಮೊಟ್ಟೆ ಬರಬಹುದು.

ಶಿರಸಿ_ತೋಟ:
ಅಕ್ಕ, ಮ್ಯಾಟ್ ಪಕ್ಕಕ್ಕೆ ಹಚ್ಚಿದರೆ ಪ್ರೋಬ್ ಮ್ಯಾಟಿಗೆ ಎಷ್ಟು ದೂರ ಇರಬೇಕು?

ಹಲ್ಲಿಅಕ್ಕ_ಕುಮಟಾ:
ಮ್ಯಾಟಿನ ಲೆಕ್ಕ ಬಿಡಿ. ಮೊಟ್ಟೆ ಎಲ್ಲಿದೆಯೋ ಪ್ರೋಬ್ ಅಲ್ಲೇ ಇರಲಿ.