ಸಹಾಯ ಬೇಕು: ಬಾಲ್ ಜಾಯಿಂಟ್ ಗೊಂಬೆಯ ಮೊಣಕಾಲಲ್ಲಿ ಗುಳ್ಳೆ

ದಾವಣಗೆರೆ, ಚಿತ್ರದುರ್ಗದಲ್ಲಿ ರೆಸಿನ್ ಎರಕ (ದ್ರವ ಪ್ಲಾಸ್ಟಿಕ್ ಅಚ್ಚಿಗೆ ಸುರಿದು ಗಟ್ಟಿಯಾಗಿಸುವುದು) ಮಾಡುವವರಿದ್ದರೆ ದಯವಿಟ್ಟು ಹೇಳಿ. ಇದು ಕೀಲುಗಳು ಗುಂಡಿನ (ಬಾಲ್) ಮೇಲೆ ತಿರುಗುವ 40 ಸೆಂ.ಮೀ. ಗೊಂಬೆ, ನಾನು ಎರಕ ಹೊಯ್ಯುತ್ತಿರುವ ಮೊದಲ ಗೊಂಬೆ. ಪಾಲಿಯುರೆಥೇನ್ ರೆಸಿನ್, ಬೆರೆಸುವ ಎರಡೂ ಭಾಗ ತೂಕದಲ್ಲಿ ಸಮ. ಅಚ್ಚು ಎರಡು ಹೋಳಿನ ಪ್ಲಾಟಿನಂ ಸಿಲಿಕೋನ್. ಮೂಲರೂಪಕ್ಕೆ ಗಂಧಕವಿಲ್ಲದ ಕ್ಲೇ ಬಳಸಿದ್ದು, ಇಲ್ಲದಿದ್ದರೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತೆ.

ಪ್ರತಿ ಸಲವೂ ಮೊಣಕಾಲಿನ ಗುಂಡಿನ ನೆತ್ತಿಯಲ್ಲೇ ಗುಳ್ಳೆ. ಗಾಳಿಯ ತೇವ ರೆಸಿನ್‌ಗೆ ಸೇರಿದ್ದರೆ ಇಡೀ ಕಾಲು ನೊರೆಯಾಗಬೇಕಿತ್ತು. ಹಾಗಾಗಿ ಇದು ಸಿಕ್ಕಿಹಾಕಿಕೊಂಡ ಗಾಳಿಯೇ ಅನ್ನಿಸುತ್ತೆ. ನೆತ್ತಿಯಿಂದ 2 ಮಿ.ಮೀ. ಗಾಳಿಕಂಡಿ ಕೊರೆದರೆ ಸಾಕೇ? ಗುಂಡಿನ ಮೇಲೆ ಗುರುತು ಉಳಿದರೆ ಕೀಲು ನುಣ್ಣಗೆ ತಿರುಗಲ್ಲ, ಅದೇ ಚಿಂತೆ.

40 ಪಿಎಸ್‌ಐ (ಒತ್ತಡದ ಅಳತೆ) ತಡೆಯುವ ಪ್ರೆಷರ್ ಪಾಟ್, ಅಂದರೆ ಗಾಳಿಯ ಒತ್ತಡದಿಂದ ಗುಳ್ಳೆ ಕುಗ್ಗಿಸುವ ಪಾತ್ರೆ, ಯಾರಲ್ಲಾದರೂ ಇದೆಯೇ? ಒತ್ತಡವಿಲ್ಲದೆ ಸುರಿದ ಈ ಅಚ್ಚಿನ ಸಿಲಿಕೋನ್‌ನಲ್ಲೇ ಗುಳ್ಳೆಗಳಿದ್ದರೆ, ಪಾಟ್‌ನಲ್ಲಿ ಅವು ಕುಗ್ಗಿ ಎರಕದ ಮೇಲೆ ಮೊಡವೆಯಂತೆ ಉಬ್ಬು ಬರುತ್ತೆ. ಅಚ್ಚನ್ನೂ ಹೊಸದಾಗಿ ಮಾಡಲೇಬೇಕೇ?