ಅಕ್ಕಂದಿರು ಬರೆದುಕೊಟ್ಟ ಕಾಗದ ಮತ್ತು ಅಡಿಕೆ ತೋಟದ ಪೌತಿ ಖಾತೆ

ತೀರ್ಥಹಳ್ಳಿ ತೋಟಿಗ:

ನಮ್ಮ ತಂದೆ 2021ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾಯಿಗೆ ಈಗ ಎಪ್ಪತ್ತೆಂಟು ವರ್ಷ. ನಾವು ನಾಲ್ವರು ಮಕ್ಕಳು: 1988ರಲ್ಲಿ ಮದುವೆಯಾದ ಹಿರಿಯಕ್ಕ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣ, 1999ರಲ್ಲಿ ಮದುವೆಯಾದ ಕಿರಿಯಕ್ಕ, ಮತ್ತು ಊರಲ್ಲೇ ಉಳಿದು ತೋಟ ನೋಡಿಕೊಳ್ಳುತ್ತಿರುವ ನಾನು.

ಜಮೀನು ಮೂರು ದಾರಿಯಿಂದ ಬಂದದ್ದು. ಎರಡು ಎಕರೆ ಹತ್ತು ಗುಂಟೆ ಅಡಿಕೆ ತೋಟ ಅಜ್ಜನ ಕಾಲದ್ದು, 1972ರಲ್ಲಿ ತಂದೆಗೂ ಚಿಕ್ಕಪ್ಪನಿಗೂ ನೋಂದಣಿಯಾದ ಪಾಲುಪಟ್ಟಿಯಲ್ಲಿ ನಮ್ಮ ಕಡೆಗೆ ಬಂದಿತು. ಅದಕ್ಕೆ ಸೇರಿ ಸೊಪ್ಪಿನ ಬೆಟ್ಟವೂ ಇದೆ. ಒಂದೂವರೆ ಎಕರೆ ಗದ್ದೆಯನ್ನು ಭೂನ್ಯಾಯಮಂಡಳಿ 1981ರಲ್ಲಿ ತಂದೆಯ ಹೆಸರಿಗೆ ಮಂಜೂರು ಮಾಡಿತು. ಉಳಿದ ಮೂವತ್ತು ಗುಂಟೆಯನ್ನು ತಂದೆ 1996ರಲ್ಲಿ ಪಕ್ಕದವರಿಂದ ಕ್ರಯಕ್ಕೆ ಪಡೆದರು. ತಂದೆ ಪ್ರಾಥಮಿಕ ಶಾಲೆಯ ಶಿಕ್ಷಕರೂ ಆಗಿದ್ದರು.

ಕಳೆದ ತಿಂಗಳು ತಂದೆಯ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ನಡುವೆ, ಇಪ್ಪತ್ತು ರೂಪಾಯಿಯ ಛಾಪಾಕಾಗದವೊಂದು ಸಿಕ್ಕಿತು. ಒಂದು ಅಂಚನ್ನು ಗೆದ್ದಲು ತಿಂದಿದೆ. "ನಮಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು ಸಂದಿದೆ, ತವರಿನ ಆಸ್ತಿಯಲ್ಲಿ ಮುಂದೆ ಯಾವ ಪಾಲನ್ನೂ ಕೇಳುವುದಿಲ್ಲ" ಎಂದು 2009ರಲ್ಲಿ ಅಕ್ಕಂದಿರಿಬ್ಬರೂ ಬರೆದು ಸಹಿ ಮಾಡಿದ್ದಾರೆ. ಇದರ ಆಧಾರದ ಮೇಲೆ ವಂಶವೃಕ್ಷದಲ್ಲಿ ಅಕ್ಕಂದಿರನ್ನು ಬಿಟ್ಟು, ಪೌತಿ ಖಾತೆಯನ್ನು (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ನಮ್ಮಿಬ್ಬರ ಹೆಸರಿಗೆ ಮಾಡಿಸೋಣ ಎಂಬುದು ಅಣ್ಣನ ಅಭಿಪ್ರಾಯ. ಖಾತೆ ಬದಲಾಗದೆ ಬೆಳೆಸಾಲ ನವೀಕರಿಸಲಾಗದು ಎಂದು ಬ್ಯಾಂಕಿನವರು ಹೇಳಿದ್ದಾರಾದ್ದರಿಂದ ನನಗೂ ಅವಸರವಿದೆ. ಆದರೂ ಈ ಕಾಗದವನ್ನು ಹಿಡಿದು ಹೊರಡಲು ಕಾಲು ಏಳುತ್ತಿಲ್ಲ. ತಿಳಿದವರು ಹೇಳಬೇಕು.

ವಕೀಲ, ಶಿವಮೊಗ್ಗ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸ್ಥಿರಾಸ್ತಿಯಲ್ಲಿರುವ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು. ಅದು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಮಾತು. ಅದಕ್ಕಿಂತ ಮುಖ್ಯವಾದ ದೋಷ ಇನ್ನೊಂದಿದೆ. ತಂದೆಯ ಸ್ವಂತ ಆಸ್ತಿಯ ಮಟ್ಟಿಗೆ 2009ರಲ್ಲಿ ನಿಮ್ಮ ಅಕ್ಕಂದಿರಿಗೆ ಬಿಟ್ಟುಕೊಡಲು ಹಕ್ಕೇ ಹುಟ್ಟಿರಲಿಲ್ಲ. ತಂದೆ ಬದುಕಿರುವಾಗ ಮಕ್ಕಳಿಗಿರುವುದು ಮುಂದೆ ಬಂದೀತೆಂಬ ನಿರೀಕ್ಷೆ ಮಾತ್ರ, ಅಂಥ ನಿರೀಕ್ಷೆಯನ್ನು ವರ್ಗಾಯಿಸಲು ಸ್ವತ್ತು ವರ್ಗಾವಣೆ ಕಾಯ್ದೆ ಒಪ್ಪುವುದಿಲ್ಲ. ಆ ಕಾಗದವನ್ನು ಪಂಚಾಂಗದ ನಡುವೆಯೇ ಇಟ್ಟುಬಿಡಿ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವ ಮಾತನ್ನಂತೂ ಮರೆತುಬಿಡಿ. ಅದಕ್ಕೆ ನೀವು ಪ್ರಮಾಣಪತ್ರ ಸಲ್ಲಿಸುತ್ತೀರಿ, ಸುಳ್ಳು ಪ್ರಮಾಣ ಅಪರಾಧ. ಪೌತಿ ಖಾತೆಯಿಂದ ಸಿಗುವುದಾದರೂ ಏನು? ಪಹಣಿಯ 9ನೇ ಕಾಲಮಿನಲ್ಲಿ ಯಾರ ಹೆಸರು ಕೂರುತ್ತದೆ ಎಂಬುದು ಕಂದಾಯ ವಸೂಲಿಗೆ ಸಂಬಂಧಿಸಿದ ವಿಷಯ. ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಇರುವ ಮಾಲೀಕತ್ವ ಅಳಿಯುವುದೂ ಇಲ್ಲ. ಸಾಲದ ಅವಸರಕ್ಕೆ ತಾಯಿಯೂ ಸೇರಿ ಐವರ ಹೆಸರಿನಲ್ಲಿ ಜಂಟಿಯಾಗಿ ಪೌತಿ ಖಾತೆ ಮಾಡಿಸಿ. ಪಾಲು ಆಮೇಲೆ ಆಗಲಿ.

ಇನ್ನು ಹಕ್ಕಿನ ವಿಚಾರ. ಅಜ್ಜನಿಂದ ಬಂದ ತೋಟ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಾಗ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಆ ಲೆಕ್ಕದಲ್ಲಿ ನಿಮ್ಮ ಹಿರಿಯಕ್ಕ ಹೊರಗೆ, ಕಿರಿಯಕ್ಕ ಒಳಗೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಅನೇಕರು ಇದೇ ಲೆಕ್ಕ ಹೇಳುತ್ತಾರೆ. ಆದರೆ 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ದಿನಾಂಕದ ಮಾತೇ ಇಲ್ಲ. ಮಗಳು ಮಗನಂತೆಯೇ ಹುಟ್ಟಿನಿಂದ ಸಹದಾಯಿ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರಳು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಗೆಹರಿಸಿತು; ನಿಮ್ಮ ತಂದೆ 2021ರವರೆಗೂ ಇದ್ದುದರಿಂದ ನಿಮಗೆ ಆ ಪ್ರಶ್ನೆಯೇ ಏಳುವುದಿಲ್ಲ. ತೋಟದಲ್ಲಿ ತಂದೆಗೆ ಎಷ್ಟು ಪಾಲೋ, ನಾಲ್ವರು ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅಷ್ಟೇ ಪಾಲು. ತಂದೆಯ ಪಾಲು ಅವರ ಮರಣದಿಂದ ಮತ್ತೆ ಐದಾಗಿ, ತಾಯಿಗೂ ಮಕ್ಕಳಿಗೂ ಸಮವಾಗಿ ಹೋಗುತ್ತದೆ.

1996ರ ಮೂವತ್ತು ಗುಂಟೆಯೇ ನಿಜವಾದ ಕಗ್ಗಂಟು. ಕ್ರಯಪತ್ರ ತಂದೆಯ ಹೆಸರಿನಲ್ಲಿದೆ ಎಂದಮಾತ್ರಕ್ಕೆ ಅದು ಸ್ವಯಾರ್ಜಿತವಾಗುವುದಿಲ್ಲ, ಕುಟುಂಬ ಅವಿಭಕ್ತವಾಗಿತ್ತು ಎಂದಮಾತ್ರಕ್ಕೆ ಕುಟುಂಬದ ಆಸ್ತಿಯೂ ಆಗುವುದಿಲ್ಲ. ಪಿತ್ರಾರ್ಜಿತ ತೋಟದ ಉತ್ಪತ್ತಿಯಿಂದ ಕೊಂಡದ್ದು ಎಂದು ವಾದಿಸುವವರು, ಮನೆಖರ್ಚು ಕಳೆದು ಅಷ್ಟು ಹಣ ಉಳಿಯುವಂಥ ಆದಾಯ ತೋಟಕ್ಕಿತ್ತು ಎಂದು ಮೊದಲು ತೋರಿಸಬೇಕು. ತೋರಿಸಿದರೆ, ಸಂಬಳದಿಂದಲೇ ಕೊಂಡದ್ದು ಎಂದು ರುಜುವಾತು ಮಾಡುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಇಂಥ ದಾವೆಗಳಲ್ಲಿ ಅಡಿಕೆ ಬೆಳೆಗಾರರ ಸಹಕಾರ ಮಾರಾಟ ಸಂಘವಾದ ಮಾಮ್ಕೋಸ್‌ಗೆ ಹಾಕಿದ ಅಡಿಕೆಯ ಹಳೆಯ ಪಟ್ಟಿ ಒಂದು ಕಡೆ, ಭವಿಷ್ಯನಿಧಿ ಸಾಲದ ಆದೇಶ ಇನ್ನೊಂದು ಕಡೆ ಹಾಜರಾಗುತ್ತವೆ. ಸ್ವಯಾರ್ಜಿತವೆಂದಾದರೆ ಐವರಿಗೂ ತಲಾ ಆರು ಗುಂಟೆ. ಅಲ್ಲಿ ತಾಯಿಯ ಪಾಲು ಮಕ್ಕಳ ಪಾಲಿಗೆ ಸರಿಸಮ. ಪಿತ್ರಾರ್ಜಿತವೆಂದಾದರೆ ತೋಟದ ಲೆಕ್ಕವೇ ಇದಕ್ಕೂ. ಕೆಲವೇ ಗುಂಟೆಯ ಈ ವ್ಯತ್ಯಾಸಕ್ಕಾಗಿ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಕಂಡಿದ್ದೇನೆ.

ಗದ್ದೆಯ ಬಗ್ಗೆ ನಮೂನೆ 7ರ ಅರ್ಜಿಯನ್ನೂ (ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸುತ್ತಿದ್ದ ಅರ್ಜಿ) ಮಂಡಳಿಯ ಆದೇಶವನ್ನೂ ನೋಡದೆ ಏನೂ ಹೇಳಲಾರೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ದೃಢೀಕೃತ ನಕಲು ಪಡೆಯಿರಿ.

ನಿವೃತ್ತ ಭೂಮಾಪಕ, ಸಾಗರ:

ವಕೀಲರು ಕಾನೂನು ಹೇಳಿದ್ದಾರೆ. ನಾನು ಸರಪಳಿ ಎಳೆದವನು, ನೆಲದ ಮಾತಾಡುತ್ತೇನೆ. ಸೊಪ್ಪಿನ ಬೆಟ್ಟವನ್ನು ಪಾಲುಪಟ್ಟಿಯಲ್ಲಿ "ಅರ್ಧರ್ಧ ಹಂಚಿಕೊಂಡಿದ್ದೇವೆ" ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಆದರೆ ಬೆಟ್ಟದ ಒಡೆತನ ಸರ್ಕಾರದ್ದು. ಹಳೆ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗಿರುವುದು 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಡಿಯ ಸವಲತ್ತು ಮಾತ್ರ: ಸೊಪ್ಪು, ದರಕು (ಒಣಗಿದ ಎಲೆ) ತಂದು ತೋಟಕ್ಕೆ ಹಾಕುವ ಸವಲತ್ತು. ಆದ್ದರಿಂದ ಬೆಟ್ಟವನ್ನು ಆಸ್ತಿಯೆಂದು ಬೆಲೆಕಟ್ಟಿ ಒಬ್ಬರ ಪಾಲಿಗೆ ಹಾಕಿ, ಅದಕ್ಕೆ ಬದಲಾಗಿ ಇನ್ನೊಬ್ಬರಿಗೆ ತೋಟ ಕೊಡಬೇಡಿ. ಬೆಟ್ಟ ಪಡೆದವರು ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ. ಸೊಪ್ಪು ತರುವ ಸರದಿಯನ್ನು ಬೇಕಾದರೆ ಬರೆದುಕೊಳ್ಳಿ.

ಸರ್ವೆ ನಂಬರನ್ನು ಒಡೆದು ಪಾಲು ಮಾಡುವುದಾದರೆ ನೋಂದಣಿಗೆ ಮೊದಲು 11ಇ ನಕ್ಷೆ, ಅಂದರೆ ಒಡೆಯುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು. ಅಳತೆಗೆ ಬಂದವರ ಜೊತೆ ತೋಟದೊಳಗೆ ನೀವೂ ನಡೆಯಿರಿ. ಗುಂಟೆ ಸಮವಾದರೆ ಪಾಲು ಸಮವಾಯಿತು ಎಂಬುದು ಬಯಲುಸೀಮೆಯ ಲೆಕ್ಕ, ಇಳಿಜಾರಿನ ಅಡಿಕೆ ತೋಟಕ್ಕೆ ಹೊಂದುವುದಿಲ್ಲ. ಮೇಲಿನ ಪಾಲಿನವನ ಬಸಿಗಾಲುವೆಯ ನೀರು ಕೆಳಗಿನ ಪಾಲಿನೊಳಗೇ ಹಾದುಹೋಗಬೇಕು. ಒಳಗಿನ ಪಾಲಿನವನು ಕೊನೆ ಕೊಯ್ದು ಗೊನೆ ಹೊರಲು ಹೊರಗಿನವನ ದಾರಿಯನ್ನೇ ತುಳಿಯಬೇಕು. ಪಂಪು, ಕೆರೆ, ಅಡಿಕೆ ಬೇಯಿಸುವ ಒಲೆ, ಒಣಹಾಕುವ ಅಂಗಳ ಇವೆಲ್ಲ ಒಂದೊಂದೇ ಇರುತ್ತವೆ. ನೀರಿನ ಹಕ್ಕು, ದಾರಿಯ ಹಕ್ಕು, ಅಂಗಳದ ಬಳಕೆ ಇವನ್ನು ಚಕ್ಕುಬಂದಿಯಷ್ಟೇ ಸ್ಪಷ್ಟವಾಗಿ ಪತ್ರದಲ್ಲಿ ಬರೆಸಿ. ನಾನು ಮರು ಅಳತೆಗೆ ಹೋದ ಜಗಳಗಳಲ್ಲಿ ಹೆಚ್ಚಿನವು ಗುಂಟೆಯವಲ್ಲ, ಮೂರಡಿ ದಾರಿಯವು.

ಕೊಪ್ಪಕ್ಕೆ ಬಂದ ಮಗಳು:

ನಾನೂ ಒಮ್ಮೆ ಇಂಥ ಕಾಗದಕ್ಕೆ ಸಹಿ ಮಾಡಿದವಳು. ತಂದೆಯ ವರ್ಷಾಂತಿಕದ ದಿನ, ಊಟದ ಎಲೆ ಎತ್ತುವ ಮೊದಲೇ, ಪೆನ್ನು ಕೈಗೆ ಬಂದಿತ್ತು. ಮುಂದೆ ಅಣ್ಣಂದಿರು ಸರಿಯಾದ ಪತ್ರ ಬೇಕೆಂದಾಗ ನಾನು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರವನ್ನೇ ಬರೆದುಕೊಟ್ಟೆ; ಆದರೆ ಅದರಲ್ಲಿ ನನಗೆ ಸಂದ ಮೊತ್ತವನ್ನು, ಅದು ಬ್ಯಾಂಕಿನ ಮೂಲಕ ಬಂದದ್ದನ್ನು ಬರೆಸಿದ ಮೇಲೆಯೇ. ನಿಮ್ಮ ಅಕ್ಕಂದಿರು ಏನು ಬಯಸುತ್ತಾರೆಂದು ನೀವು ಬರೆದೇ ಇಲ್ಲ. ಮೊದಲು ಅವರನ್ನು ಕೇಳಿ, ತಿಥಿ ಅಥವಾ ಹಬ್ಬದ ದಿನ ಮಾತ್ರ ಬೇಡ.

ಇನ್ನೊಂದು ವಿಷಯ: ತಾಯಿಯ ಪಾಲನ್ನು ಗಂಡುಮಕ್ಕಳ ಪಾಲಿನೊಳಗೆ ಸೇರಿಸಿ ಬರೆಸಬೇಡಿ. ಎಷ್ಟೇ ಚಿಕ್ಕದಾಗಿದ್ದರೂ ಅದು ಅವರ ಹೆಸರಿನಲ್ಲೇ ಇರಲಿ.

ತೀರ್ಥಹಳ್ಳಿ ತೋಟಿಗ:

ಎಲ್ಲರಿಗೂ ಕೃತಜ್ಞತೆಗಳು. ಐವರ ಹೆಸರೂ ಇರುವ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ. ಅಣ್ಣನಿಗೆ ಅಸಮಾಧಾನವಿದೆ, ಆದರೆ ಅಡ್ಡಿ ಮಾಡಿಲ್ಲ. ಹಿರಿಯಕ್ಕನಿಗೆ ಜಮೀನು ಬೇಡವಂತೆ, ಹಣ ಸಾಕು. ಕಿರಿಯಕ್ಕ ಇನ್ನೂ ಯೋಚಿಸಬೇಕು ಎಂದಿದ್ದಾಳೆ. ನಮೂನೆ 7ರ ನಕಲು ಸಿಕ್ಕಿತು. ಅರ್ಜಿದಾರರಾಗಿ ತಂದೆಯ ಹೆಸರಿದ್ದರೂ, ಎಷ್ಟು ಕಾಲದಿಂದ ಗೇಣಿ ಎಂಬಲ್ಲಿ "ನಮ್ಮ ತಂದೆಯವರ ಕಾಲದಿಂದ" ಎಂದು ಅವರದೇ ದುಂಡಕ್ಷರದಲ್ಲಿದೆ. ಇದರಿಂದ ವ್ಯತ್ಯಾಸವಾಗುತ್ತದೆಯೇ? ಹಿರಿಯಕ್ಕನ ಪಾಲನ್ನು ನಾನು ಕೊಳ್ಳಬಹುದೇ?

ವಕೀಲ, ಶಿವಮೊಗ್ಗ:

ಆಗುತ್ತದೆ. ಗೇಣಿ ಅಜ್ಜನಿಂದಲೇ ನಡೆದುಬಂದದ್ದಾದರೆ, ತಂದೆಯೊಬ್ಬರ ಹೆಸರಿಗಾದ ಮಂಜೂರಾತಿಯನ್ನೂ ಕುಟುಂಬದ ಪರವಾಗಿ ಪಡೆದದ್ದೆಂದು ನ್ಯಾಯಾಲಯ ಪರಿಗಣಿಸಬಹುದು. ಹಾಗಾದಲ್ಲಿ ಗದ್ದೆಯೂ ತೋಟದ ಲೆಕ್ಕಕ್ಕೇ ಸೇರುತ್ತದೆ. ಚಿಕ್ಕಪ್ಪನ ಕಡೆಯವರು ಆ ಗದ್ದೆಯ ಮೇಲೆ ಮಾತೆತ್ತುವ ಸಾಧ್ಯತೆಯನ್ನೂ ಈಗಲೇ ನೋಡಿಕೊಳ್ಳಬೇಕು, ಆದ್ದರಿಂದ 1972ರ ಪಾಲುಪಟ್ಟಿಯಲ್ಲಿ ಗೇಣಿ ಗದ್ದೆಯ ಪ್ರಸ್ತಾಪ ಇದೆಯೇ ಎಂದು ಓದಿ. ಭೂಸುಧಾರಣೆ ಕಾಯ್ದೆ ಮಂಜೂರಾದ ಜಮೀನಿನ ಪರಭಾರೆಗೆ ಹಾಕಿದ್ದ ಹದಿನೈದು ವರ್ಷಗಳ ನಿರ್ಬಂಧ ಎಂದೋ ಮುಗಿದಿದೆ.

ಹಿರಿಯಕ್ಕನ ಪಾಲನ್ನು ನೀವು ಧಾರಾಳವಾಗಿ ಪಡೆಯಬಹುದು. ತಂದೆಯಿಂದ ಉತ್ತರಾಧಿಕಾರವಾಗಿ ಬಂದ ಪಾಲನ್ನು ಒಬ್ಬ ವಾರಸುದಾರರು ಮಾರಲು ಹೊರಟರೆ ಅದನ್ನು ಕೊಳ್ಳುವ ಆದ್ಯತೆಯ ಹಕ್ಕು ಉಳಿದ ವಾರಸುದಾರರಿಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಆ 22ನೇ ಕಲಮು ಕೃಷಿಭೂಮಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಹಕ್ಕು ನಿಮಗಿರುವಂತೆ ನಿಮ್ಮ ತಾಯಿಗೂ ಅಣ್ಣನಿಗೂ ಕಿರಿಯಕ್ಕನಿಗೂ ಇರುವುದರಿಂದ, ಪತ್ರ ಬರೆಯುವ ಮೊದಲು ಮೂವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಕಿರಿಯಕ್ಕ ಯೋಚಿಸಿ ಮುಗಿಸುವವರೆಗೆ ಪಾಲುಪಟ್ಟಿಯ ಕರಡನ್ನೂ ಬರೆಸಬೇಡಿ.