ಕ್ಯಾಸಲ್‌ರಾಕ್: ಊರಿಗಿಂತ ರೈಲ್ವೆ ಯಾರ್ಡೇ ದೊಡ್ಡದು ಯಾಕೆ?

ಪ್ರಶ್ನೆ
ಜೋಯಿಡಾ ತಾಲೂಕಿನ ರೈಲು ಊರುಗಳ ಬಗ್ಗೆ ಒಂದು ಬರಹ ಸಿದ್ಧವಾಗುತ್ತಿದೆ. ಕ್ಯಾಸಲ್‌ರಾಕ್ ಬೆಳೆದದ್ದು ಗೋವಾ ಗಡಿಯ ಸುಂಕದಿಂದಲೋ, ಘಾಟಿಯಿಂದಲೋ? ರೈಲು ಬಂದ 1888ರಿಂದಲೇ ಇಲ್ಲಿ ಬಿಗಿಯಾದ ಕಸ್ಟಮ್ಸ್ ತಪಾಸಣೆ ಇತ್ತು ಅಂತ ಬರೆಯಬಹುದಾ? ಹಳೇ ಕಾಗದಪತ್ರ ಎಲ್ಲಿ ಸಿಗುತ್ತವೆ?

ಉತ್ತರ 1
ಹಾಗೆ ಬರೆಯಬೇಡಿ ಸರ್, ಇಲ್ಲೇ ತುಂಬಾ ಜನ ಎಡವುತ್ತಾರೆ. 1878ರ ಡಿಸೆಂಬರ್‌ನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ಎರಡು ಮಾತು ಜೊತೆಗೇ ಇದ್ದವು: ಗೋವಾದ ಮುರಗಾಂವ್ ಬಂದರಿನಿಂದ ಘಟ್ಟ ಹತ್ತುವ ರೈಲು ಮತ್ತು ಗಡಿಯಲ್ಲಿ ಸುಂಕದ ಅಡ್ಡಿ ತೆಗೆಯುವುದು. ರೈಲು ಮುಗಿಯುವ ಹೊತ್ತಿಗೆ ಒಪ್ಪಂದದ ಆಯುಸ್ಸೂ ಮುಗಿಯುತ್ತಾ ಬಂದಿತ್ತು. 1892ರ ಜನವರಿಯಲ್ಲಿ ಅದು ಬಿದ್ದುಹೋಯಿತು, ಸುಂಕ ವಾಪಸ್ ಬಂತು. ಮೇಲೆ ಕ್ಯಾಸಲ್‌ರಾಕ್, ಕೆಳಗೆ ಗೋವಾ ಕಡೆಯ ಕುಳೆಂ, ಎರಡು ಕಡೆ ಎರಡು ಸರ್ಕಾರಗಳ ತಪಾಸಣೆ. 1955ರಲ್ಲಿ ಆ ದಾರಿಯೇ ಬಂದಾಯಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದ ಮೇಲೆ ಸುಂಕದ ಕೆಲಸಕ್ಕೆ ಅರ್ಥವೇ ಉಳಿಯಲಿಲ್ಲ.

ಉತ್ತರ 2
ಸುಂಕ ಹೋದರೂ ಊರು ಉಳಿಯಿತಲ್ಲ, ಅದಕ್ಕೆ ಘಾಟಿಯೇ ಕಾರಣ. ಕುಳೆಂವರೆಗಿನ ಸುಮಾರು 26 ಕಿ.ಮೀ. ಇಳಿಜಾರಿನಲ್ಲಿ 37 ಅಡಿಗೆ 1 ಅಡಿ ಏರುವ ಜಾಗಗಳಿವೆ. ಹತ್ತುವ ಗೂಡ್ಸ್‌ಗೆ ಕುಳೆಂನಲ್ಲಿ ಹಿಂದೆ ಬ್ಯಾಂಕರ್ ಎಂಜಿನ್, ಅಂದರೆ ಹಿಂದಿನಿಂದ ತಳ್ಳುವ ಎಂಜಿನ್, ಸೇರಿಸುತ್ತಾರೆ. ಆ ಬ್ಯಾಂಕರ್‌ಗಳನ್ನು ಬಿಡಿಸಿಕೊಳ್ಳಲು ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಜಾಗ ಬೇಕು. ಇಳಿಯುವ ಗಾಡಿಗೆ ಬ್ರೇಕ್ ಪರೀಕ್ಷೆ ಮುಗಿಯದೆ ಸಿಗ್ನಲ್ ಇಲ್ಲ. ಉಗಿ ಎಂಜಿನ್ ಕಾಲದಲ್ಲಿ ಇದರ ಮೇಲೆ ನೀರು, ಕಲ್ಲಿದ್ದಲು ಬೇರೆ. ಇಷ್ಟಕ್ಕೆಲ್ಲ ಜನ ಬೇಕು, ಜನಕ್ಕೆ ಕ್ವಾರ್ಟರ್ಸ್ ಬೇಕು.

ಘಾಟಿಯ ನಡುವೆ ಕಾರಂಜೋಳ, ದೂಧಸಾಗರ, ಸೊನಾಳಿಂ ಸ್ಟೇಷನ್‌ಗಳಿವೆ. ಇಂಥ ಕಡೆ ಕ್ಯಾಚ್ ಸೈಡಿಂಗ್, ಅಂದರೆ ಹಿಡಿತ ತಪ್ಪಿ ಇಳಿದು ಬರುವ ಗಾಡಿಯನ್ನು ತಡೆಯುವ ಕವಲು ಹಳಿ, ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ವಿವರವಾಗಿ ಬರೆಯಿರಿ. ಹಳಿ ಬದಲಿಸುವ ಪಾಯಿಂಟ್ ಸದಾ ಆ ಕವಲು ಹಳಿಯ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ಗಾಡಿ ಅದರ ಮುಂದೆ ಪೂರ್ತಿ ನಿಂತ ಮೇಲೇ ಮುಖ್ಯ ಹಳಿಗೆ ತಿರುಗಿಸುತ್ತಾರೆ. ನಿಲ್ಲದಿದ್ದರೆ ಅದು ಏರಿನ ಕವಲಿಗೆ ನುಗ್ಗಿ, ವೇಗ ಕಳೆದುಕೊಂಡು ನಿಲ್ಲುತ್ತದೆ. ಸ್ಟೇಷನ್ನಿನಲ್ಲಿ ನಿಂತ ಗಾಡಿಗೆ ಹೋಗಿ ಗುದ್ದುವುದಿಲ್ಲ. ಇದನ್ನು ಸ್ಲಿಪ್ ಸೈಡಿಂಗ್ ಜೊತೆ ಬೆರೆಸಬೇಡಿ. ಅದು ಸ್ಟೇಷನ್ನಿನಿಂದ ತಪ್ಪಿಸಿಕೊಂಡ ವ್ಯಾಗನ್ ಮುಂದಿನ ಇಳಿಜಾರಿಗೆ ಓಡದಂತೆ ತಡೆಯುವುದಕ್ಕೆ.

ಉತ್ತರ 3
ದಾಖಲೆ ಹುಡುಕುವಾಗ ಹೆಸರುಗಳೇ ಕೈಕೊಡುತ್ತವೆ. ‘ಜೋಯಿಡಾ’ ಅಂತ ಹುಡುಕಿದರೆ ಹಳೆಯದು ಸಿಗುವುದಿಲ್ಲ, ತಾಲೂಕಿನ ಹಳೇ ಹೆಸರು ‘ಸೂಪಾ’ ಅಂತ ನೋಡಿ. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿತು. 1862ರಿಂದ 1956ರವರೆಗೆ ಉತ್ತರ ಕನ್ನಡ ಇದ್ದದ್ದು ಮುಂಬಯಿ ಆಡಳಿತದಲ್ಲಿ. ಹಾಗಾಗಿ ಬೆಂಗಳೂರಿಗಿಂತ ಮೊದಲು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ ನೋಡಿ, ಪೋರ್ಚುಗೀಸ್ ಕಡೆಯ ಕಾಗದಕ್ಕೆ ಪಣಜಿಯ ಗೋವಾ ಪತ್ರಾಗಾರ.

ರೈಲ್ವೆ ಕಡತವಾದರೆ ಇಸವಿ ನೋಡಿಕೊಂಡು ಹೆಸರು ಬದಲಿಸುತ್ತಾ ಹೋಗಿ: ಮೊದಲು ಸದರ್ನ್ ಮರಾಠಾ, 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ, 2003ರಿಂದ ನೈಋತ್ಯ. ಘಾಟಿ ಕಟ್ಟಿಸಿದ್ದು ಮಾತ್ರ ಬೇರೆ ಕಂಪನಿ, ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಹಳೇ ನಕ್ಷೆಯಲ್ಲಿ ಇರುವುದು ಮೀಟರ್ ಗೇಜ್ (ಕಡಿಮೆ ಅಗಲದ ಹಳಿ) ಯಾರ್ಡ್. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಈಗಿನ ಹಳಿಗಳ ಮೇಲೆ ಆ ನಕ್ಷೆ ಇಟ್ಟು ಅಳೆಯಲು ಹೋಗಬೇಡಿ.